ಒಂದು ಕಿಲೋ ಶ್ಯಾವಿಗೆ ಒಬ್ಬಳಿಗಾ?

ವಿಜಯಪುರದಿಂದ ಬಂದು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಓದುಗಿಯೊಬ್ಬರ ಪತ್ರ ಓದಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟೆ. ಪಿಜಿಯಲ್ಲಿ ವಾಸ. ರಮ್ಜಾನ್ ಹಬ್ಬಕ್ಕೆ ಊರಿಗೆ ಹೋಗಿಬರುವಷ್ಟು ರಜೆ ಸಿಗುವುದಿಲ್ಲ. ಜೊತೆಗೆ ಕೆಲಸ ಮಾಡುವ, ಕರಾವಳಿಯ ಬ್ಯಾರಿ ಮುಸ್ಲಿಂ ಸಮುದಾಯದ ಗೆಳತಿ ಉಳ್ಳಾಲದ ತನ್ನ ಮನೆಗೆ ಕರೆಯುತ್ತಲೇ ಇದ್ದಾಳೆ. ಇವರಿಗೆ ಸಂಕೋಚ. ಬ್ಯಾರಿ ಭಾಷೆ ಬರುವುದಿಲ್ಲ, ಮೇಲಾಗಿ ಅಮ್ಮಿ ಬೇಜಾರು ಮಾಡಿಕೊಂಡರೆ? ಸೌದಿಯಲ್ಲಿರುವ ಅಣ್ಣ ಬೇರೆ, "ಹಬ್ಬದ ದಿನ ಮಂದಿ ಮನ್ಯಾಗ ಹೋಗಿ ತಾಟ ಹಿಡೀಬ್ಯಾಡ" ಅಂದಿದ್ದಾನೆ.

2024ರಲ್ಲಿ ಇನ್ನೊಂದು ಎಡವಟ್ಟಾಯಿತು. ಊರಿನ ಲೆಕ್ಕದಲ್ಲಿ ಏಪ್ರಿಲ್ 11ಕ್ಕೆ ರಜೆ ಹಾಕಿದ್ದರು. ಕರಾವಳಿಯಲ್ಲಿ ಕೇರಳದ ಜೊತೆಗೇ, ಚಂದ್ರ ಕಂಡ ಲೆಕ್ಕದಲ್ಲಿ, 10ಕ್ಕೆ ಹಬ್ಬ ಮುಗಿದಿತ್ತು. ಹಬ್ಬದ ದಿನ ಡ್ಯೂಟಿ, ರಜೆಯ ದಿನ ಒಬ್ಬರೇ ರೂಮಿನಲ್ಲಿ. ಹೋಟೆಲಿನ ಬನ್ಸ್ ತಿಂದು, ಅಮ್ಮಿಗೆ ಫೋನಿನಲ್ಲಿ "ಬಿರಿಯಾನಿ ಉಂಡೆ" ಎಂದರಂತೆ. ಹಬ್ಬದ ದಿನ ಯಾರೂ ಹಸಿದಿರಬಾರದು ಅಂತ ನಮಾಜಿಗೆ ಮೊದಲೇ ಫಿತ್ರ್ ಝಕಾತ್ ಎಂಬ ದಾನದ ಅಕ್ಕಿ ಮನೆಮನೆಗೆ ತಲುಪಿಸುವ ಊರಿದು ತಂಗಿ. ಇಲ್ಲಿ ಕೂತು ಬನ್ಸ್ ತಿಂದಿರಲ್ಲ!

ಪತ್ರದ ಕೊನೆಯಲ್ಲಿ, ಸುಮ್ನೆ ಹೇಳಿದ ಹಾಗೆ, ಒಂದು ಸಾಲಿದೆ. "ಪ್ರತಿ ವರ್ಷ ಅಮ್ಮಿ ಬಸ್ಸಿನವರ ಕೈಲಿ ಒಂದು ಕಿಲೋ ಶ್ಯಾವಿಗೆ, ಉತ್ತತ್ತಿ, ಚಾರೊಳಿ, ತುಪ್ಪ ಕಳಿಸ್ತಾರೆ. ಪಿಜಿಯಲ್ಲಿ ಅಡುಗೆಗೆ ಬಿಡಲ್ಲ. ಹಾಗೇ ಕಪಾಟಿನಲ್ಲಿದೆ."

ಒಂದು ಕಿಲೋ! ಸುರಕುಂಬಾಕ್ಕೆ, ಅಂದರೆ ಹಬ್ಬದ ಶ್ಯಾವಿಗೆ ಪಾಯಸಕ್ಕೆ, ಶ್ಯಾವಿಗೆ ಎಷ್ಟು ಬೇಕು ಅಂತ ನಿಮ್ಮ ಅಮ್ಮಿಗೆ ಗೊತ್ತಿಲ್ವಾ? ನಾಲ್ಕು ಲೀಟರ್ ಹಾಲಿಗೂ ಅಷ್ಟು ಹಾಕಿದರೆ ಗಟ್ಟಿಯಾಗಿಬಿಡುತ್ತದೆ. ಒಬ್ಬಳೇ ಮಗಳಿಗೆ ಅಷ್ಟು ಕಳಿಸುವ ತಾಯಿ, ಮಗಳ ಸುತ್ತ ಹತ್ತು ಜನ ಇದ್ದಾರೆ ಅಂದುಕೊಂಡಿರುತ್ತಾಳೆ, ಇಲ್ಲವೇ ಇರಲಿ ಅಂತ ಬಯಸಿರುತ್ತಾಳೆ. ನೀವು ಬೇರೆ ಮನೆಗೆ ಹೋದರೆ ಅವರಿಗೆ ನೋವಾಗುತ್ತದೆ ಅಂತ ಅವರು ಹೇಳಿದ್ದು ಪತ್ರದಲ್ಲಿ ಎಲ್ಲೂ ಇಲ್ಲ. ಹೋಗಬೇಡ ಅಂದದ್ದು ಅಣ್ಣ.

ಆ ಅಣ್ಣನ ಬಗ್ಗೆ ನನಗೆ ಮರ್ಯಾದೆ ಕಮ್ಮಿ. ಅವನು ಪ್ರತಿ ಈದ್‌ಗೂ ರೂಮಿನ ಗೆಳೆಯರ ಜೊತೆ ನೆಲಕ್ಕೆ ಸುಪ್ರ ಹಾಸಿ, ಒಂದೇ ದೊಡ್ಡ ತಟ್ಟೆಯಲ್ಲಿ ಉಣ್ಣುವ ಫೋಟೋ ಕಳಿಸುತ್ತಾನೆ ಅಂತ ನೀವೇ ಬರೆದಿದ್ದೀರಿ. ಅವನ ತಟ್ಟೆ ಹಬ್ಬದ ತಟ್ಟೆ, ನಿಮ್ಮದು ಭಿಕ್ಷೆಯ ತಾಟು. ಯಾವ ನ್ಯಾಯ ಇದು? ದೂರ ಇರುವ ಗಂಡುಮಕ್ಕಳಿಗೆ ಗೆಳೆಯರೇ ಬಳಗ, ಹೆಣ್ಣುಮಕ್ಕಳಿಗೆ ಮಾತ್ರ ಬಾಗಿಲು ಹಾಕಿದ ರೂಮು. ಈ ಅಂಕಣದಲ್ಲಿ ಇದನ್ನು ಹೇಳಿ ಹೇಳಿ ನನಗೇ ಬೇಜಾರು ಬಂದಿದೆ.

ಪಿಜಿಯವರನ್ನು ಬೈಯಲು ಜಾಗ ಸಾಲದು, ಬಿಡಿ.

ನೀವು ಮಾಡಬೇಕಾದ್ದು ಇಷ್ಟೇ. ಹಬ್ಬದ ಹಿಂದಿನ ಸಂಜೆ ಆ ಗಂಟು ಎತ್ತಿಕೊಂಡು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಳ್ಳಾಲದ ಬಸ್ಸು ಹತ್ತಿ. ಊಟಕ್ಕೆ ಹೋಗಬೇಡಿ, ಅಡುಗೆಗೆ ಹೋಗಿ. ಬೆಳಿಗ್ಗೆ ಗಂಡಸರು ಮಸೀದಿಗೆ ಹೋದಾಗ ಗೆಳತಿಯ ತಾಯಿ, ಆ ಮನೆಯ ಉಮ್ಮ, ಬಿರಿಯಾನಿಯ ಹಿಂದೆ ಬಿದ್ದಿರುತ್ತಾರೆ. ಪಕ್ಕದ ಒಲೆ ಕೇಳಿ ಪಡೆಯಿರಿ. ತುಪ್ಪದಲ್ಲಿ ಶ್ಯಾವಿಗೆ ಹುರಿಯುವುದಕ್ಕೆ ಬ್ಯಾರಿ ಭಾಷೆ ಬೇಕಿಲ್ಲ, ಕೆಂಪಾಗುತ್ತಿದ್ದ ಹಾಗೇ ಅವರೇ ಬಂದು ಇಣುಕುತ್ತಾರೆ. ಆಮೇಲೆ ಅಮ್ಮಿಗೆ ವಿಡಿಯೋ ಕಾಲ್ ಮಾಡಿ ಪಾತ್ರೆ ತೋರಿಸಿ. ಹಾಲು ಸಾಕೋ ಇಲ್ವೋ ಅವರೇ ಹೇಳಲಿ.

ರಜೆಯನ್ನು ಮಾತ್ರ ಈ ಸಲ ಇಲ್ಲಿನ ಚಂದ್ರ ನೋಡಿ ಹಾಕಿ. ಚಂದ್ರ ಕಂಡದ್ದು ರಾತ್ರಿಯೇ ಗೊತ್ತಾಗುವುದು, ಆದ್ದರಿಂದ ಡ್ಯೂಟಿ ಬದಲಾಯಿಸಿಕೊಳ್ಳುವವರನ್ನು ಮೊದಲೇ ಒಪ್ಪಿಸಿಡಿ. ಅಣ್ಣನ ಫೋನು ಬಂದರೆ ಉಮ್ಮನ ಕೈಗೆ ಕೊಟ್ಟುಬಿಡಿ. ಉತ್ತತ್ತಿ ರಾತ್ರಿಯೇ ನೆನೆಹಾಕಬೇಕು, ಮರೆಯಬೇಡಿ.