ಬೀಳುವ ಪೇಟೆಯಲ್ಲಿ ಷೇರು ಹಿಡಿದು ಕೂರುವುದು ಎಲ್ಲಿಯವರೆಗೆ?

ಓದುಗರ ಪತ್ರ: "ಒಳ್ಳೆಯ ಷೇರು ಕೊಂಡು ತಾಳ್ಮೆಯಿಂದ ಇಟ್ಟುಕೊಳ್ಳಿ ಎಂದು ನಿಮ್ಮ ಪತ್ರಿಕೆ ವರ್ಷಗಳಿಂದ ಹೇಳುತ್ತಿದೆ. ಹಾಗೆಯೇ ಮಾಡಿದೆ. ಈಗ ಪೇಟೆ ಬೀಳುತ್ತಲೇ ಇದೆ. ನನ್ನ ಉಳಿತಾಯದ ಅರ್ಧ ಇಂಡೆಕ್ಸ್ ಫಂಡ್‌ನಲ್ಲಿದೆ (ಪೇಟೆಯ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಕೊಳ್ಳುವ ನಿಧಿ), ಇನ್ನರ್ಧ ಒಂದೇ ಕ್ಷೇತ್ರದ ಮೂರು ಕಂಪನಿಗಳಲ್ಲಿದೆ. ಮಗಳ ಓದಿಗೆ ಎರಡು ವರ್ಷದಲ್ಲಿ ಹಣ ಬೇಕು. ನನ್ನ ನಿವೃತ್ತಿಗೆ ಇನ್ನೂ ಹದಿನೈದು ವರ್ಷವಿದೆ. ಪೇಟೆ ಯಾವಾಗಲೂ ಚೇತರಿಸಿಕೊಳ್ಳುತ್ತದೆ ಎನ್ನುವುದು ನಿಜವೋ, ಬರೀ ಸಮಾಧಾನದ ಮಾತೋ? ಈಗ ಮಾರಿ, ತಳ ಮುಟ್ಟಿದ ಮೇಲೆ ಮತ್ತೆ ಕೊಂಡರೆ ತಪ್ಪೇನು? ತಿಂಗಳ ಕಂತನ್ನಾದರೂ ನಿಲ್ಲಿಸಲೇ?"

ಮಾನ್ಯರೇ,

ನಿಮ್ಮ ಅನುಮಾನ ನ್ಯಾಯವಾದದ್ದು. ಪೇಟೆ ಚೇತರಿಸಿಕೊಳ್ಳಲೇಬೇಕು ಎಂಬ ನಿಸರ್ಗನಿಯಮವೇನೂ ಇಲ್ಲ. ಬಹಳಷ್ಟು ಸಲ ಹಾಗಾಗಿದೆ, ಆದರೆ ಎಷ್ಟು ವರ್ಷದಲ್ಲಿ ಎಂಬುದಕ್ಕೆ ಯಾರೂ ಜಾಮೀನು ಕೊಡಲಾರರು. ದೀರ್ಘಾವಧಿ ಹೂಡಿಕೆಯ ಪರ ಮಾತನಾಡುವವರು ಇದನ್ನು ಹೇಳದೆ ಮುಂದೆ ಸಾಗುವುದು ನನಗೆ ಸರಿಕಾಣುವುದಿಲ್ಲ.

ಜಪಾನಿನ ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ರಲ್ಲಿತ್ತು. ಆ ಮಟ್ಟವನ್ನು ಅದು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ನಡುವೆ, 2009ರ ಮಾರ್ಚ್‌ನಲ್ಲಿ, ಏಳು ಸಾವಿರದ ಆಸುಪಾಸಿಗೆ ಇಳಿದಿತ್ತು. 1989ರಲ್ಲಿ ಐವತ್ತೈದು ದಾಟಿದ್ದವರಿಗೆ ‘ತಾಳಿದವನು ಬಾಳಿಯಾನು’ ಎಂದು ಹೇಳಿ ಏನು ಪ್ರಯೋಜನ? ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಕೂಡ 1929ರ ಸೆಪ್ಟೆಂಬರ್‌ನಲ್ಲಿ 381 ಇದ್ದದ್ದು 1932ರ ಜುಲೈಗೆ 41ಕ್ಕೆ ಕುಸಿಯಿತು. ಹಳೆಯ ಎತ್ತರ ಕಂಡದ್ದು 1954ರ ನವೆಂಬರ್‌ನಲ್ಲಿ.

ಆದರೆ ಈ ಅಂಕಿಗಳನ್ನು ಓದುವಾಗ ಎರಡು ವಿಷಯ ಮರೆಯಬಾರದು. ಇವು ಬರೀ ಬೆಲೆಯ ಲೆಕ್ಕ, ಕಂಪನಿಗಳು ಕೊಟ್ಟ ಲಾಭಾಂಶ ಇದರಲ್ಲಿ ಸೇರಿಲ್ಲ. ಲಾಭಾಂಶವನ್ನು ಮತ್ತೆ ಷೇರಿಗೇ ಹಾಕುತ್ತಾ ಹೋದ ಅಮೆರಿಕದ ಹೂಡಿಕೆದಾರರ ಗಂಟು 1954ಕ್ಕಿಂತ ಎಷ್ಟೋ ವರ್ಷ ಮೊದಲೇ ಮೊದಲಿನಂತಾಗಿತ್ತು. ಎರಡನೆಯದಾಗಿ, ಇಡೀ ಬದುಕಿನ ಉಳಿತಾಯವನ್ನು ಶಿಖರದ ದಿನವೇ ತಂದು ಸುರಿದವರ ಕಥೆ ಇದು. ತಿಂಗಳು ತಿಂಗಳು ಕೊಂಡವರ ಸರಾಸರಿ ಬೆಲೆ ಅದಕ್ಕಿಂತ ಬಹಳ ಕೆಳಗಿರುತ್ತದೆ. ಜಪಾನಿನ ವಿಷಯದಲ್ಲಿ ಇನ್ನೂ ಒಂದು ಮಾತು: ಅಲ್ಲಿನ ಷೇರುಗಳು ಆಗ ಕಂಪನಿಗಳ ವಾರ್ಷಿಕ ಲಾಭದ ಸುಮಾರು 60 ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದವು. ಅಷ್ಟು ದುಬಾರಿಗೆ ಕೊಂಡರೆ, ಕಂಪನಿ ಎಷ್ಟೇ ಚೆನ್ನಾಗಿ ದುಡಿದರೂ ಆ ಬೆಲೆಗೆ ತಕ್ಕಷ್ಟು ಬೆಳೆಯಲು ಒಂದು ತಲೆಮಾರೇ ಬೇಕಾಗುತ್ತದೆ.

ಈಗ ನಿಮ್ಮ ಮೂರು ಕಂಪನಿಗಳಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡಿದ್ದು ಇದೇ. ಸೂಚ್ಯಂಕ ಎದ್ದು ನಿಲ್ಲುತ್ತದೆ ಎಂದಾಗ ಅದರೊಳಗಿನ ಪ್ರತಿ ಕಂಪನಿಯೂ ಎದ್ದು ನಿಲ್ಲುತ್ತದೆ ಎಂದರ್ಥವಲ್ಲ. ಸೊರಗಿದವು ಹೊರಬೀಳುತ್ತವೆ, ಬೆಳೆದವು ಒಳಸೇರುತ್ತವೆ. 1896ರಲ್ಲಿ ಡೌ ಜೋನ್ಸ್ ಶುರುವಾದಾಗ ಪಟ್ಟಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ 2018ರಲ್ಲಿ ಅದರಿಂದ ಹೊರಬಿತ್ತು. ಅಮೆರಿಕದ ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರ್‌ನಲ್ಲಿ, ಅಲ್ಲಿನದೇ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದವು. ಅವುಗಳ ಷೇರನ್ನು ಇಟ್ಟುಕೊಂಡವರ ತಾಳ್ಮೆಗೆ ಯಾವ ಫಲವೂ ಸಿಗಲಿಲ್ಲ. ಒಂದೇ ಕ್ಷೇತ್ರಕ್ಕೆ ಜೋತುಬೀಳುವುದೂ ಅಪಾಯವೇ. ತಂತ್ರಜ್ಞಾನ ಕಂಪನಿಗಳೇ ತುಂಬಿದ್ದ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್‌ನಿಂದ 2002ರ ಅಕ್ಟೋಬರ್‌ವರೆಗೆ ಶೇ 78ರಷ್ಟು ಕುಸಿದು, ಹಳೆಯ ಮಟ್ಟಕ್ಕೆ ಮರಳಿದ್ದು 2015ರಲ್ಲಿ. ಶೇ 20 ಕಳೆದುಕೊಂಡದ್ದು ಮೊದಲಿನ ಮಟ್ಟಕ್ಕೆ ಮರಳಲು ಶೇ 25 ಏರಿದರೆ ಸಾಕು. ಶೇ 78 ಕಳೆದುಕೊಂಡರೆ ಉಳಿದದ್ದು ನಾಲ್ಕೂವರೆ ಪಟ್ಟಾಗಬೇಕು. ಹಾಗಾಗಿ ‘ಹಿಡಿದಿಟ್ಟುಕೊಳ್ಳಿ’ ಎಂಬ ನನ್ನ ಸಲಹೆ ನಿಮ್ಮ ಇಂಡೆಕ್ಸ್ ಫಂಡ್‌ಗೆ ಅನ್ವಯಿಸುತ್ತದೆ, ಈ ಮೂರು ಷೇರುಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ.

ಮಾರಿ, ತಳದಲ್ಲಿ ಮತ್ತೆ ಕೊಳ್ಳುವ ಯೋಚನೆ ಬೇಡ. ಅದಕ್ಕೆ ಎರಡು ತೀರ್ಮಾನಗಳು ಸರಿಯಾಗಬೇಕು, ಎರಡನೆಯದು ಇನ್ನೂ ಕಷ್ಟದ್ದು. 2020ರ ಮಾರ್ಚ್ 16ರಂದು ಡೌ ಜೋನ್ಸ್ ಒಂದೇ ದಿನ ಸುಮಾರು ಶೇ 13ರಷ್ಟು ಬಿತ್ತು. 23ರಂದು ತಳ ಮುಟ್ಟಿತು. ಮರುದಿನವೇ ಶೇ 11ಕ್ಕೂ ಹೆಚ್ಚು ಏರಿತು. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಕೊರೊನಾ ಸಾವುನೋವಿನ, ಮುಚ್ಚಿದ ಊರುಗಳ ಸುದ್ದಿ. ಕೊಳ್ಳಲು ಇದೇ ಸಮಯ ಎಂದು ಆಗ ಖಚಿತವಾಗಿ ತಿಳಿಯುವ ದಾರಿಯಿರಲಿಲ್ಲ. ಹೆದರಿ ಮಾರಿದವರು ಆ ದಿನ ಒಳಗೆ ಬರುತ್ತಿದ್ದರೆಂದು ನನಗಂತೂ ನಂಬಿಕೆಯಿಲ್ಲ.

ಇಷ್ಟಾದರೂ ಮಗಳ ಓದಿನ ಹಣದ ವಿಷಯದಲ್ಲಿ ನನ್ನ ಉತ್ತರ ಬೇರೆ. ಅದಕ್ಕೆ ಕಾರಣವನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಇಬ್ಬರ ಗಂಟೂ ನೂರು ಎಂದಿಟ್ಟುಕೊಳ್ಳಿ. ಒಬ್ಬರಿಗೆ ಮೊದಲ ವರ್ಷ ಶೇ 40 ನಷ್ಟ, ಆಮೇಲೆ ಶೇ 25, ಶೇ 40 ಲಾಭ. ಇನ್ನೊಬ್ಬರಿಗೆ ಇದೇ ಮೂರು ವರ್ಷಗಳು ತಿರುವುಮುರುವಾಗಿ ಬರುತ್ತವೆ. ಹಣ ಮುಟ್ಟದಿದ್ದರೆ ಇಬ್ಬರ ಬಳಿಯೂ ಕೊನೆಗೆ 105 ಇರುತ್ತದೆ. ಪ್ರತಿ ವರ್ಷದ ಕೊನೆಗೆ ಖರ್ಚಿಗೆಂದು ಹತ್ತು ಹತ್ತು ತೆಗೆದರೆ? ಮೊದಲೇ ಪೆಟ್ಟು ತಿಂದವರ ಬಳಿ 63.5 ಉಳಿಯುತ್ತದೆ, ಕೊನೆಗೆ ತಿಂದವರ ಬಳಿ 81.5. ಅದೇ ಪೇಟೆ, ಅದೇ ಏರಿಳಿತ. ಬಿದ್ದ ಬೆಲೆಗೆ ಮಾರಿ ಖರ್ಚು ಮಾಡಿದ ಷೇರುಗಳು ಪೇಟೆ ಏಳುವಾಗ ಕೈಯಲ್ಲಿ ಇರುವುದಿಲ್ಲ, ಅಷ್ಟೇ.

ಹಾಗಾಗಿ ಎರಡು ವರ್ಷದಲ್ಲಿ ಬೇಕಾದ ಹಣ ಷೇರಿನಲ್ಲಿ ಇರಲೇಬಾರದು. ನಷ್ಟವಾದರೂ ಸರಿ, ಈಗಲೇ ತೆಗೆದು ಠೇವಣಿಯಲ್ಲಿಡಿ. ತೆಗೆಯುವುದನ್ನು ಆ ಮೂರು ಕಂಪನಿಗಳಿಂದಲೇ ತೆಗೆಯಿರಿ. ಒಂದು ಕ್ಷೇತ್ರದ ಭಾರವೂ ಇಳಿಯುತ್ತದೆ. ‘ಕೊಂಡ ಬೆಲೆಗೆ ಬರಲಿ, ಆಮೇಲೆ ಮಾರುತ್ತೇನೆ’ ಎಂದು ಕಾಯಬೇಡಿ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಪೇಟೆಗೆ ಗೊತ್ತಿಲ್ಲ, ಕಾಲೇಜಿನ ಶುಲ್ಕದ ದಿನಾಂಕವೂ ಅದಕ್ಕಾಗಿ ಕಾಯುವುದಿಲ್ಲ.

ಇಂಡೆಕ್ಸ್ ಫಂಡ್ ಹಾಗೆಯೇ ಇರಲಿ. ತಿಂಗಳ ಕಂತನ್ನು ನಿಲ್ಲಿಸಬೇಡಿ. ಹದಿನೈದು ವರ್ಷ ಇನ್ನೂ ಕೊಳ್ಳಬೇಕಾದವರಿಗೆ ಅಗ್ಗದ ಬೆಲೆ ಅನುಕೂಲವೇ. ಒಂದು ಷರತ್ತು ಮಾತ್ರ ಇದೆ: ಪೇಟೆ ಬೀಳುವ ಕಾಲದಲ್ಲೇ ಎಷ್ಟೋ ಸಲ ಕೆಲಸಗಳೂ ಹೋಗುತ್ತವೆ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಇಲ್ಲದಿದ್ದರೆ, ಮೊದಲು ಅದು ತುಂಬುವವರೆಗೆ ಕಂತಿನ ಹಣವನ್ನು ಅತ್ತ ತಿರುಗಿಸಿ. ನಿವೃತ್ತಿಗೆ ಆರೇಳು ವರ್ಷ ಉಳಿದಾಗ, ಪೇಟೆ ಮೇಲಿರಲಿ ಕೆಳಗಿರಲಿ, ಮೊದಲ ಕೆಲವು ವರ್ಷಗಳ ಖರ್ಚಿಗೆ ಬೇಕಾಗುವಷ್ಟನ್ನು ವರ್ಷಕ್ಕಿಷ್ಟು ಎಂದು ಷೇರಿನಿಂದ ಹೊರಗೆ ತರಲು ಶುರುಮಾಡಿ.

— ಸಂಪಾದಕ