ಕಲಾವಿದರ ರೆಸಿಡೆನ್ಸಿಗೆಂದು, ಅಂದರೆ ಕೆಲವು ಕಾಲ ಅಲ್ಲೇ ಉಳಿದು ಚಿತ್ರ ಬರೆಯಲೆಂದು, ಕೇರಳದ ಫೋರ್ಟ್ ಕೊಚ್ಚಿಗೆ ಹೊರಟಿದ್ದೇನೆ. ಗೊತ್ತಿಲ್ಲದ ಊರನ್ನು ನಡೆದು ನಡೆದೇ ಚಿತ್ರ ಬರೆಯುವುದು ಹೇಗೆ?

ಒಂದೇ ದಾರಿ ಹಿಡಿದು, ಅದನ್ನೇ ಮತ್ತೆ ಮತ್ತೆ ನಡೆಯಿರಿ. ಊರಿಡೀ ಸುತ್ತಿ ಅಲ್ಲೊಂದು ಇಲ್ಲೊಂದು ಚಿತ್ರ ಬರೆದರೆ, ಎಲ್ಲರೂ ಫೋಟೋ ತೆಗೆಯುವ ಜಾಗಗಳಷ್ಟೇ ನಿಮ್ಮ ಪುಸ್ತಕದಲ್ಲೂ ತುಂಬಿಕೊಳ್ಳುತ್ತವೆ.

ನಾನು ಅಲ್ಲಿ ರೆಸಿಡೆನ್ಸಿಯಲ್ಲಿದ್ದದ್ದು ಮಳೆಗಾಲದಲ್ಲಿ. ಹಿಡಿದದ್ದು ಕಲ್ವತಿ ರಸ್ತೆಯಿಂದ ಬಜಾರ್ ರಸ್ತೆ ಹಾದು ಮಟ್ಟಾಂಚೇರಿ ಅರಮನೆಗೆ ಹೋಗುವ ದಾರಿ. 1555ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿದ್ದರೂ ಜನ ಆ ಅರಮನೆಯನ್ನು ಡಚ್ ಪ್ಯಾಲೇಸ್ ಅಂತಲೇ ಕರೆಯುತ್ತಾರೆ. ದಾರಿಯ ಒಂದು ಮಗ್ಗುಲಲ್ಲಿ ಹಿನ್ನೀರು. ಆ ಕಡೆಯ ಹಳೇ ಗೋಡೌನುಗಳಿಗೆ ಎರಡು ಮುಖ: ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ನೀರಿಗೆ. ಸರಕು ದೋಣಿಯಲ್ಲಿ ಬಂದು ಹಿತ್ತಿಲಲ್ಲೇ ಇಳಿಯುತ್ತಿದ್ದ ಕಾಲದ ಕಟ್ಟಡಗಳವು. ರಸ್ತೆಯಲ್ಲಿ ನಿಂತವರಿಗೆ ಗೋಡೆ, ಮರದ ಬಾಗಿಲು, ಶುಂಠಿಯ ಘಾಟು ಇಷ್ಟೇ. ಆ ಇನ್ನೊಂದು ಮುಖ ನೋಡಲು ಬೋಟ್ ಹತ್ತಿ ನೀರಿಗಿಳಿಯಬೇಕು. ಹಾಗಾಗಿ ನಾನು ಮಡಿಕೆ ಮಡಿಕೆಯಾಗಿ ಬಿಚ್ಚುವ ಉದ್ದನೆಯ ಕಾಗದ ಇಟ್ಟುಕೊಂಡೆ. ಮೇಲರ್ಧದಲ್ಲಿ ರಸ್ತೆ, ಕೆಳಗರ್ಧದಲ್ಲಿ ನೀರು. ಒಂದೊಂದು ಮಡಿಕೆಗೆ ನೂರು ಹೆಜ್ಜೆ. ಈ ಲೆಕ್ಕ ತುಂಬ ಮುಖ್ಯ, ಯಾಕೆಂದರೆ ಪಾಚಿ ಕಟ್ಟಿದ ಬರೀ ಗೋಡೆಗೂ ಅರಮನೆಗೂ ಆಗ ಸಮನಾದ ಜಾಗ ಸಿಗುತ್ತದೆ. ಆ ಗೋಡೆಯನ್ನು ನೀವು ನಿಜಕ್ಕೂ ನೋಡಲೇಬೇಕಾಗುತ್ತದೆ.

ಮೊದಲು ಬರಿಗೈಯಲ್ಲಿ ನಡೆಯಿರಿ. ಕೋಣೆಗೆ ಬಂದು ನೆನಪಿನಿಂದ ಬರೆಯಿರಿ. ನೆನಪಾಗದ ಕಡೆ ಕಾಗದ ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. ಮರುದಿನ ಸ್ಕೆಚ್‌ಬುಕ್ ಹಿಡಿದು ನೇರವಾಗಿ ಆ ಖಾಲಿ ಜಾಗಗಳಿಗೇ ಹೋಗಿ. ಹೊತ್ತನ್ನೂ ಬದಲಾಯಿಸುತ್ತಿರಿ. ಲೋಡಿಂಗ್ ನಡೆಯುವಾಗಿನ ಬಜಾರ್ ರಸ್ತೆ ಬೇರೆ, ಬಾಗಿಲು ಹಾಕಿದ ಮೇಲಿನ ಬಜಾರ್ ರಸ್ತೆಯೇ ಬೇರೆ.

ದಡದಲ್ಲಿ ಮರದ ತೊಲೆಗಳಿಗೆ ತೂಗುಬಿಟ್ಟ ದೊಡ್ಡ ಮೀನುಬಲೆಗಳಾದ ಚೀನಾ ಬಲೆಗಳನ್ನು ಬರೆಯದೆ ನೀವಂತೂ ಬರುವುದಿಲ್ಲ. ಸಂಜೆಯ ಆಕಾಶದೆದುರು ಅವುಗಳ ಕಪ್ಪು ಆಕಾರ ಬರೆಯುವುದು ಸುಲಭ, ಆದರೆ ಅದರ ಜೀವ ಇರುವುದು ದಡದ ಕಡೆಯ ಕಲ್ಲುಗಳಲ್ಲಿ. ಹಗ್ಗಗಳಿಗೆ ದೊಡ್ಡ ದೊಡ್ಡ ಕಲ್ಲು ಕಟ್ಟಿರುತ್ತಾರೆ. ಒಬ್ಬ ಆಳು ತೊಲೆಯ ಮೇಲೆ ನೀರಿನ ಕಡೆ ನಡೆದರೆ ಸಾಕು, ಅವನ ಭಾರಕ್ಕೇ ಬಲೆ ಇಳಿಯುತ್ತದೆ, ಕಲ್ಲುಗಳು ಒಂದಾದ ಮೇಲೊಂದು ನೆಲ ಬಿಟ್ಟು ಮೇಲೇಳುತ್ತವೆ. ಎತ್ತುವಾಗ ನಾಲ್ಕೈದು ಜನ ಹಗ್ಗ ಜಗ್ಗುತ್ತಾರೆ, ಕಲ್ಲುಗಳು ಮತ್ತೆ ಕೆಳಗೆ. ಒಂದೇ ಹಾಳೆಯಲ್ಲಿ ಆ ಕಲ್ಲುಗಳ ಎರಡೂ ನಿಲುವು ಬರೆಯಿರಿ. ಬಲೆಯನ್ನು ಎರಡು ಗೆರೆಯಲ್ಲಿ ಮುಗಿಸಿದರೂ ನಡೆಯುತ್ತದೆ.

ಮಲಯಾಳಂ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಕರಾವಳಿಯವರಾಗಿದ್ದು ಕೊಂಕಣಿ ಬಂದರೆ ಚೆರ್ಲಾಯಿಯ ತಿರುಮಲ ದೇವಸ್ವಂ ಗುಡಿಯ ಸುತ್ತ ಮಾತಿಗೇನೂ ಕೊರತೆ ಇಲ್ಲ. ಬೇರೆ ಕಡೆ "ಚೇಟ್ಟಾ, ವರಯ್ಕಟ್ಟೇ?" (ಅಣ್ಣಾ, ಚಿತ್ರ ಬರೆಯಲಾ?) ಅಂತ ಪುಸ್ತಕ ತೋರಿಸಿ ಕೇಳಿ. ಕೆಲಸ ಮಾಡುತ್ತಿರುವವರನ್ನು ಕೇಳದೆ ಬರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನು ಕಡಿಮೆ ಇರಲಿ. ಮಳೆಗಾಲದಲ್ಲಿ ಜಲವರ್ಣ ಒಣಗಲು ಗಂಟೆಗಟ್ಟಲೆ ಬೇಕು, ಕಾಗದವೂ ಮೆತ್ತಗಾಗುತ್ತದೆ. ಪೆನ್ಸಿಲ್, ನೀರಿಗೆ ಹರಡದ ಇಂಕು, ಗಟ್ಟಿ ಪ್ಲಾಸ್ಟಿಕ್ ಚೀಲ ಸಾಕು.

ರೆಸಿಡೆನ್ಸಿಯ ಕೊನೆಗೆ, ಮಾಡಿದ ಕೆಲಸವನ್ನು ಜನರಿಗೆ ತೋರಿಸುವ ಓಪನ್ ಸ್ಟುಡಿಯೋ ಇಡುತ್ತಾರಲ್ಲ, ಅದಕ್ಕೆ ಆ ರಸ್ತೆಯ ಅಂಗಡಿಯವರನ್ನೂ ಗೋಡೌನಿನ ಆಳುಗಳನ್ನೂ ನೀವೇ ಹೋಗಿ ಕರೆಯಿರಿ. ಕಾಗದವನ್ನು ಗೋಡೆಗೆ ತೂಗಹಾಕದೆ ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಪಕ್ಕದಲ್ಲಿ ಪೆನ್ಸಿಲ್ ಇಡಿ. ಬಿಟ್ಟುಹೋದ ಬಾಗಿಲುಗಳನ್ನು ಅವರೇ ಗುರುತು ಮಾಡಿಕೊಡುತ್ತಾರೆ.