ಕಂಬಕ್ಕೆ ಅಂಟಿಸಿದ ಚೌಕ: ದುಡ್ಡಿಗಾ, ಸುದ್ದಿಗಾ?

ಪ್ರಶ್ನೆ: ನಮ್ಮದು ಮಂಜೇಶ್ವರ ತಾಲೂಕಿನ ಒಂದು ಸಣ್ಣ ಇಗರ್ಜಿ (ಚರ್ಚ್). ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇವೆ, ಅದರ ಕೆಲಸ ನನ್ನ ಪಾಲಿಗೆ ಬಂದಿದೆ. ಯುವಕರು ಹೇಳಿದರು ಅಂತ ಈ ಸಲ ಹಬ್ಬದ ಕಾರ್ಯಕ್ರಮ, ನೊವೆನಾದ (ಒಂಬತ್ತು ದಿನದ ಪ್ರಾರ್ಥನೆಯ) ದಿನಗಳು, ವಾರ್ಡ್‌ಗಳ ಕೆಲಸದ ಪಟ್ಟಿ ಎಲ್ಲವನ್ನೂ ಒಂದು ಕ್ಯೂಆರ್ ಕೋಡ್‌ಗೆ ಹಾಕಿದೆವು. ಅದನ್ನು ಕೊನೆಯ ಪುಟದಲ್ಲಿ ಅಚ್ಚು ಮಾಡಿಸಿ ಬಾಗಿಲ ಪಕ್ಕದ ಕಂಬಕ್ಕೂ ಅಂಟಿಸಿದೆವು. ಸ್ಕ್ಯಾನ್ ಮಾಡಿದವರು ಬೆರಳೆಣಿಕೆಯಷ್ಟು. ಹಿರಿಯರಿಗಂತೂ ಸಿಟ್ಟೇ ಬಂದಿದೆ. ಎಲ್ಲಿ ತಪ್ಪಿದೆವು?
— ಹೆಸರು ಬೇಡ, ಮಂಜೇಶ್ವರ ಕಡೆ

ಉತ್ತರ: ಆ ಕಂಬದ ಕೋಡ್ ಮೇಲೆ ಏನಾದರೂ ಬರೆದಿದ್ದಿರಾ? ಬರೆದಿರಲಿಕ್ಕಿಲ್ಲ ಅಂತ ನನ್ನ ಅಂದಾಜು, ಯಾಕೆಂದರೆ ಮೊದಲ ಸಲ ನಾವೂ ಬರೆದಿರಲಿಲ್ಲ. ನಮ್ಮ ಕಡೆ ಆ ಕಪ್ಪು-ಬಿಳಿ ಚೌಕ ಕಂಡರೆ ಜನಕ್ಕೆ ನೆನಪಾಗುವುದು ದುಡ್ಡು. 2016ರಲ್ಲಿ ಯುಪಿಐ ಬಂತು, ಆಮೇಲೆ ಮೀನು ಮಾರುವಲ್ಲಿ, ಎಳನೀರಿನ ಗಾಡಿಯಲ್ಲಿ, ಆಟೋದ ಒಳಗೆ ಎಲ್ಲ ಕಡೆ ಅದೇ ಚೌಕ. ಇಗರ್ಜಿ ಬಾಗಿಲಲ್ಲಿ ಅದನ್ನು ಕಂಡವರು ಇನ್ನೊಂದು ವಂತಿಗೆ ಬಂತು ಅಂದುಕೊಂಡು ಒಳಗೆ ಹೋಗುತ್ತಾರೆ. ಹಿರಿಯರ ಸಿಟ್ಟಿಗೂ ಅದೇ ಕಾರಣ ಇರಬಹುದು, ವಿಚಾರಿಸಿ ನೋಡಿ. ನಿಜಕ್ಕೂ ಈ ಕೋಡ್ ಹುಟ್ಟಿದ್ದು ದುಡ್ಡಿಗಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಆದರೆ ಈ ಕಥೆಯನ್ನು ಕಂಬದ ಹತ್ತಿರ ನಿಂತು ಹೇಳೋಕಾಗಲ್ಲ. ದಪ್ಪ ಅಕ್ಷರದಲ್ಲಿ ಬರೆದುಬಿಡಿ: "ಇದು ದುಡ್ಡಿಗಲ್ಲ. ಹಬ್ಬದ ಕೆಲಸದ ಪಟ್ಟಿ ಇದರಲ್ಲಿದೆ. ಫೋನಿನ ಕ್ಯಾಮೆರಾ ತೆರೆದು ಹಿಡಿಯಿರಿ." ಕ್ಯಾಮೆರಾ ಅಂತ ಬರೆಯಲೇಬೇಕು. ಇಲ್ಲದಿದ್ದರೆ ಜನ ಅಭ್ಯಾಸಬಲದಿಂದ ದುಡ್ಡು ಕಳಿಸುವ ಆಪ್ ತೆರೆಯುತ್ತಾರೆ, ಅದು ಈ ಕೋಡ್ ಸರಿ ಇಲ್ಲ ಅನ್ನುತ್ತದೆ, ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಒಂದು ಭಾನುವಾರ ಪೂಜೆ ಬಿಟ್ಟ ಮೇಲೆ ನಾನು ನೋಟಿಸ್ ಬೋರ್ಡಿನ ಪಕ್ಕ ನಿಂತು ಸುಮ್ನೆ ನೋಡುತ್ತಿದ್ದೆ. ವಯಸ್ಸಾದ ಒಬ್ಬರು ಅಮ್ಮ ಬಂದರು. ಕೈಯಲ್ಲಿ ಮೊಮ್ಮಗನ ಹಳೇ ಫೋನು. ಅದನ್ನು ಕೋಡ್‌ಗೆ ತಾಗುವಷ್ಟು ಹತ್ತಿರ ಹಿಡಿದರು. ಹಾಳೆಗೆ ಲ್ಯಾಮಿನೇಶನ್ ಮಾಡಿಸಿದ್ದೆವು, ಅದರ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ ಬಿದ್ದಿತ್ತು. ಒಂದು ಹೆಜ್ಜೆ ಹಿಂದೆ ಹೋದರು, ಸ್ವಲ್ಪ ಬಾಗಿದರು, ಮತ್ತೊಂದು ಹೆಜ್ಜೆ ಹಿಂದೆ. ಕೊನೆಗೆ ತೆರೆಯಿತು. ಬಂದದ್ದೇನು, ದೊಡ್ಡ ಹಾಳೆಯ ಪಿಡಿಎಫ್, ಇರುವೆಯಂಥ ಅಕ್ಷರ. ಎರಡು ಬೆರಳಲ್ಲಿ ಎಳೆದೆಳೆದು ನೋಡಿದರು. ಆಮೇಲೆ ಫೋನನ್ನು ಚೀಲಕ್ಕೆ ಹಾಕಿ, "ನಾಳೆ ನೊವೆನಾ ಎಷ್ಟು ಗಂಟೆಗೆ ಮಗಾ?" ಅಂತ ನನ್ನನ್ನೇ ಕೇಳಿದರು. ಅಷ್ಟು ಕಷ್ಟಪಟ್ಟವರಿಗೆ ನಾವು ಗಂಟೆ ಎಷ್ಟು ಅಂತ ಕೂಡ ಹೇಳಿರಲಿಲ್ಲ.

ಅವತ್ತಿನಿಂದ ದಿನ, ಗಂಟೆ, ಜಾಗ ಈ ಮೂರನ್ನು ನಾನು ಕೋಡ್ ಒಳಗೆ ಮಾತ್ರ ಇಡುವುದಿಲ್ಲ. ಅದು ಕಾಗದದಲ್ಲಿ ಕಣ್ಣಿಗೆ ಕಾಣಬೇಕು. ಕೋಡ್‌ಗೆ ಹಾಕಬೇಕಾದದ್ದು ಬೇರೆ: ಮಳೆ ಬಂದು ಬದಲಾಗುವ ಕಾರ್ಯಕ್ರಮ, ವಾರ್ಡಿನ ಮುಖಂಡರಾದ ಗುರಿಕಾರರು ವಾರವಾರ ತಿದ್ದುವ ಪಟ್ಟಿ, ಹಬ್ಬದ ಫೋಟೋಗಳು, ಗಾಯನ ಮಂಡಳಿ ಹೇಳಿಕೊಟ್ಟ ರಾಗದ ಆಡಿಯೋ. ಅದನ್ನೂ ಪಿಡಿಎಫ್ ಮಾಡಬೇಡಿ. ಫೋನಿನಲ್ಲೇ ಓದಲು ಆಗುವಂಥ ಹಗುರ ಪುಟ ಮಾಡಿ.

ಇದಕ್ಕಿಂತ ಮುಖ್ಯವಾದ ಒಂದು ಉಪಯೋಗ ನಮ್ಮ ಗಡಿ ಊರುಗಳಲ್ಲೇ ಇದೆ. ಬಾಸೆಲ್ ಮಿಶನ್‌ನವರು 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದರು. 1938ರಿಂದ 'ರಾಕ್ಣೊ' ಪತ್ರಿಕೆ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಮನೆಮನೆಗೆ ತಂದಿದೆ. ಹಾಗಾಗಿ ಅಜ್ಜಿಗೆ ಕನ್ನಡ ಅಕ್ಷರ ಬರುತ್ತದೆ. ಮೊಮ್ಮಗನಿಗೆ? ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಮಲಯಾಳಂ. ಕಾಸರಗೋಡಿನ ಎಷ್ಟೋ ಮಕ್ಕಳು ನಮ್ಮ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಚಿತ್ರ ನೋಡಿ ಕೆಳಗಿಡುತ್ತಾರೆ, ನನಗೆ ಇದು ನಿಜವಾಗಿಯೂ ನೋವು. ನಾಲ್ಕು ಪುಟದಲ್ಲಿ ಎರಡು ಲಿಪಿ ತುರುಕೋಕಾಗಲ್ಲ. ಆದರೆ ಒಂದು ಕೋಡ್ ಹಿಂದೆ ಅದೇ ಸುದ್ದಿಯ ಮಲಯಾಳಂ ಪುಟ ಇಡಬಹುದು, ಯಾರಾದರೂ ಕನ್ನಡದಲ್ಲಿ ಓದಿದ ಆಡಿಯೋನೂ ಇಡಬಹುದು. ಲಿಪಿ ಬಾರದ ಮಗು ಕೇಳಿಯಾದರೂ ಕೇಳುತ್ತದೆ, ಅಲ್ವಾ? ನಿಮ್ಮ ಯುವಕರಿಗೆ ಈ ಕೆಲಸ ಕೊಡಿ.

ಅಳತೆ ವಿಷಯ. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತನೇ ಒಂದು ಭಾಗ ಅಗಲ ಇರಲಿ. ಕೈಯಲ್ಲಿ ಹಿಡಿಯುವ ಪತ್ರಿಕೆಗೆ ಎರಡೂವರೆ ಸೆಂಟಿಮೀಟರ್ ಸಾಕು, ಎರಡು ಮೀಟರ್ ದೂರದ ಕಂಬಕ್ಕೆ 20 ಸೆಂಟಿಮೀಟರ್ ಬೇಕು. ಸುತ್ತ ಬಿಳಿ ಜಾಗ ಬಿಡಿ, ಅಂಚಿನವರೆಗೆ ಹೂಬಳ್ಳಿ ಎಳೆಯಬೇಡಿ. ಹಬ್ಬದ ಆಮಂತ್ರಣದಲ್ಲಿ ಕೆಂಪಿನ ಮೇಲೆ ಚಿನ್ನದ ಬಣ್ಣದಲ್ಲಿ ಕೋಡ್ ಹಾಕಿಸುವವರಿದ್ದಾರೆ. ನೋಡಲು ಚೆಂದ, ಆದರೆ ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಕೋಡ್ ಎಲ್ಲಿ ಮಾಡಿಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಒಂದು ಸಲ ನಾನು ಪುಕ್ಕಟೆ ಸಿಗುವ ಒಂದು ಜಾಲತಾಣದಲ್ಲಿ ಮಾಡಿದ್ದೆ. ಎರಡು ವಾರ ಚೆನ್ನಾಗಿ ನಡೆಯಿತು. ಹಬ್ಬದ ಹಿಂದಿನ ದಿನ ಸ್ಕ್ಯಾನ್ ಮಾಡಿದವರಿಗೆಲ್ಲ "ಅವಧಿ ಮುಗಿದಿದೆ, ಹಣ ಕಟ್ಟಿ" ಅಂತ ಬಂತು. ಅಚ್ಚಾದ ಪತ್ರಿಕೆ ಆಗಲೇ ಮನೆಮನೆಯಲ್ಲಿತ್ತು. ಆ ಕೋಡ್ ಮೊದಲು ಅವರ ತಾಣಕ್ಕೆ ಹೋಗಿ, ಅಲ್ಲಿಂದ ನಮ್ಮ ಪುಟಕ್ಕೆ ಕಳಿಸುತ್ತಿತ್ತು. ಅವರು ಬಾಗಿಲು ಹಾಕಿದರೆ ಮುಗಿಯಿತು. ನಿಮ್ಮ ಪುಟದ ವಿಳಾಸವನ್ನೇ ನೇರವಾಗಿ ಕೋಡ್ ಮಾಡಿಸಿ, ಪುಟದ ಒಳಗಿರುವುದನ್ನು ಬೇಕಾದಾಗ ಬದಲಿಸಿ. ಆ ಕೋಡ್‌ಗೆ ಅವಧಿ ಅಂತ ಇಲ್ಲ.

ಪ್ರಶ್ನೆ: ಕಾಣಿಕೆಗೂ ಕೋಡ್ ಇಡೋಣ ಅಂತ ನಮ್ಮಲ್ಲಿ ಮಾತು ನಡೆಯುತ್ತಿದೆ. ಇಡಬಹುದಾ?
— ಸಭೆಯ ಖಜಾಂಚಿ, ಕುಂಬಳೆ ಹತ್ತಿರ

ಉತ್ತರ: ಇಡಬಹುದು. ಆದರೆ ಸುದ್ದಿಯ ಕೋಡ್ ಪಕ್ಕದಲ್ಲಿ ಬೇಡ, ಯಾಕೆ ಅಂತ ಮೇಲೆಯೇ ಹೇಳಿದ್ದೇನೆ. ಖಾತೆ ಸಭೆಯ ಹೆಸರಿನಲ್ಲೇ ಇರಬೇಕು, ಯಾರೋ ಒಬ್ಬರ ಸ್ವಂತ ನಂಬರ್ ಆಗಬಾರದು. ಸ್ಕ್ಯಾನ್ ಮಾಡಿದಾಗ ಬರುವ ಹೆಸರನ್ನು ಕೋಡ್ ಕೆಳಗೆ ಬರೆಯಿರಿ, ಕಳಿಸುವವರು ಹೊಂದಿಸಿ ನೋಡಲಿ. ಕೋಡ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ದುಡ್ಡು ಹೊಡೆಯುವ ಕಳ್ಳತನ ಇದೆ, ಆದ್ದರಿಂದ ಪ್ರತಿ ಭಾನುವಾರ ಬಾಗಿಲು ತೆರೆಯುವಾಗ ಬೆರಳಲ್ಲಿ ಮುಟ್ಟಿ ನೋಡಿ, ಒಂದು ರೂಪಾಯಿ ಕಳಿಸಿ ನೋಡಿ. ದುಡ್ಡು ಬರಲು ಪಿನ್ ಒತ್ತಬೇಕಿಲ್ಲ, ಕಳಿಸುವಾಗ ಮಾತ್ರ ಅಂತ ಹಿರಿಯರಿಗೆ ಒಮ್ಮೆ ಹೇಳಿಬಿಡಿ.

ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ತಟ್ಟೆಗೆ ಹಾಕಿದ ನೋಟಿಗೆ ಹೆಸರಿಲ್ಲ, ಕೋಡ್‌ನಲ್ಲಿ ಕಳಿಸಿದ ಹತ್ತು ರೂಪಾಯಿಗೂ ಹೆಸರಿದೆ. ಕಡಿಮೆ ಕೊಟ್ಟವರು ಖಜಾಂಚಿಗೆ ಗೊತ್ತಾಗುತ್ತಾರೆ. ಆ ಪಟ್ಟಿಯನ್ನು ಇಬ್ಬರು ಬಿಟ್ಟು ಬೇರೆ ಯಾರೂ ನೋಡಬಾರದು, ಓದಿ ಹೇಳಲೂಬಾರದು. ತಟ್ಟೆಯನ್ನಂತೂ ನಿಲ್ಲಿಸಲೇಬೇಡಿ.

ಪ್ರಶ್ನೆ: ಗುಡ್ಡದ ಮೇಲಿನ ನಮ್ಮ ಪ್ರಾರ್ಥನಾ ಮಂದಿರದಲ್ಲಿ ನೆಟ್ ಸಿಗುವುದಿಲ್ಲ. ಹಾಡಿನ ಸಾಲುಗಳನ್ನೇ ಕೋಡ್ ಒಳಗೆ ತುಂಬಿಸಬಹುದಾ?
— ಗಾಯನ ಮಂಡಳಿಯ ಹುಡುಗಿ, ಕಾಸರಗೋಡು

ಉತ್ತರ: ತುಂಬಿಸಬಹುದಮ್ಮ, ಅಕ್ಷರ ಮಾತ್ರ ಇದ್ದರೆ ನೆಟ್ ಬೇಡ. ಆದರೆ ಕನ್ನಡ ಜಾಸ್ತಿ ಜಾಗ ತಿನ್ನುತ್ತದೆ. 'ಕಾಣಿಕೆ' ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿಗೆ 18 ಬೈಟ್ (ಜಾಗ ಅಳೆಯುವ ಲೆಕ್ಕ). ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 6. ಅತಿ ದೊಡ್ಡ ಕೋಡ್ ಅಂದರೆ ಅಡ್ಡಕ್ಕೆ 177, ಉದ್ದಕ್ಕೆ 177 ಪುಟ್ಟ ಚೌಕ, ಅದರಲ್ಲಿ ಹಿಡಿಯುವುದು 2953 ಬೈಟ್. ಅಷ್ಟು ಕಿಕ್ಕಿರಿದ ಕೋಡನ್ನು ಹಳೇ ಫೋನ್ ಓದುವುದು ಕಷ್ಟ. ಕೆಲವು ಫೋನ್‌ಗಳು ಸಾಲುಗಳನ್ನು ತೋರಿಸುವ ಬದಲು ನೆಟ್‌ನಲ್ಲಿ ಹುಡುಕಲು ಹೊರಡುತ್ತವೆ. ಪಲ್ಲವಿ ಮಾತ್ರ ಹಾಕಿದರೆ ನಡೆಯುತ್ತದೆ. ಪೂರ್ತಿ ಹಾಡಿಗೆ ಹಾಡಿನ ಪುಸ್ತಕವೇ ಇರಲಿ. ಪೂಜೆಯ ಹೊತ್ತಿಗೆ ಫೋನ್ ಆಫ್ ಮಾಡಿ ಅಂತ ಫಾದರ್ ಹೇಳಿದ ಮೇಲೆ ನಾವೇ ಫೋನ್ ತೆಗೆಯಿರಿ ಅನ್ನೋದು ಸರಿಯಲ್ಲ. ಕೋಡನ್ನು ಹಾಡು ಕಲಿಯುವ ದಿನಕ್ಕೆ ಇಟ್ಟುಕೊಳ್ಳಿ. ಶನಿವಾರ ಸಂಜೆ ಕೆಳಗೆ ನೆಟ್ ಸಿಗುವಲ್ಲಿ ರಾಗದ ಆಡಿಯೋ ಇಳಿಸಿಕೊಂಡು, ಕೇಳುತ್ತಾ ಗುಡ್ಡ ಹತ್ತಿ.